ಗುಳಿಗೆ ಡಬ್ಬಿಯ ಲೇಖಕನ ಪಗಾರ

"ಬರಿಯಾಕೂ ಎಂ.ಎ. ಐತೇನ್ರಿ? ನಮಗ ಒಂದನೇ ಕ್ಲಾಸಿನ್ಯಾಗ ಕಲಿಸಿದ್ರಲ್ಲ!"

ಸ್ನೇಹಿತರೇ, ಇಂದು ಸಂಜೆ ಸಿಕಂದರಾಬಾದಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ ನನ್ನ ಬಯೋಡೇಟಾದಲ್ಲಿ 'ಎಂ.ಎ., ತಾಂತ್ರಿಕ ಬರವಣಿಗೆ' ಎಂದಿದ್ದುದನ್ನು ಓದಿ ನನ್ನನ್ನು ಬರಮಾಡಿಕೊಂಡದ್ದು ಹೀಗೆ. ರಾಯಚೂರು ಕಡೆಯವರು, ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾದವರು. ಮುಂದಿನ ಪ್ರಶ್ನೆ ಪಗಾರದ್ದು. ಹೇಳಿದೆ. ಅವರಿಗೆ ಸಂಶಯ ಬಂತು.

"ಇಷ್ಟ್ ಕೊಡ್ತಾರ? ಅಂಥಾದ್ದೇನ್ ಬರೀತೀರಿ?"

"ಪಟಾನ್‌ಚೆರುವಿನ ಔಷಧ ಕಂಪನ್ಯಾಗ ಅದೀನ್ರಿ. ಗುಳಿಗಿ ಡಬ್ಬ್ಯಾಗ ಮಡಚಿಟ್ಟ ಚೀಟಿ ಇರ್ತೈತಲ್ರಿ, ಅದನ್ನ ಬರೀತೀನಿ. ಯಾರೂ ಓದಂಗಿಲ್ಲ ಬಿಡ್ರಿ."

ಅವರ ಹೆಂಡತಿ ಚಹಾದ ತಟ್ಟೆ ಹಿಡಿದುಕೊಂಡೇ ಓಡಿಬಂದರು. "ಇವ್ರು ಓದ್ತಾರಪಾ! ತಲಿ ತಿರುಗ್ತೈತಿ, ಹೊಟ್ಟಿ ತೊಳಸ್ತೈತಿ ಅಂತ ಓದಿ ಬೀಪಿ ಗುಳಿಗಿ ಬಿಟ್ಟು ಕುಂತಾರ. ನಾ ಪರೇಶಾನ್!"

"ಡಾಕ್ಟರನ್ನ ಕೇಳ್ದ ಬಿಡಬ್ಯಾಡ್ರಿ ಅಂತ ಕಡೀಗೆ ಬರ್ದಿರ್ತೀನಲ್ರಿ," ಎಂದೆ.

"ಅಲ್ಲೀತನಕ ಓದೂದ್ರಾಗ ತಲಿ ತಿರಗಾಕತ್ತಿತ್ತು," ಎಂದರು ಭಾವೀ ಮಾವ.

ಸಂಬಂಧ ಮುಗಿಯಿತೆಂದು ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಹುಡುಗಿ ನಕ್ಕಳು. ನಾಳೆಯೇ ತನ್ನ ಜೊತೆ ಡಾಕ್ಟರ ಹತ್ತಿರ ಬರಬೇಕೆಂದು ತಂದೆಯನ್ನು ಒಪ್ಪಿಸಿ, ನನ್ನತ್ತ ತಿರುಗಿದಳು.

"ಪಗಾರ ಸಾಕ್ರಿ. ಆದ್ರ ಗುಳಿಗಿ ಬಗ್ಗೆ ಇಷ್ಟ್ ಬಿಚ್ಚಿ ಬರೀತೀರಿ, ನಿಮ್ಮ ಬಗ್ಗೇನೂ ಹಂಗ ಒಂದ್ ಚೀಟಿ ಬರ್ದು ಕಳಸ್ರಿ. ಓದಿ ಹೇಳ್ತೀನಿ."

ಪಗಾರವಿಲ್ಲದೆ ಬರೆಯುತ್ತಿರುವುದು ಇದೇ ಮೊದಲು. ಇವಳು ಕೊನೆಯ ಸಾಲಿನವರೆಗೂ ಓದುವವಳು ಎಂಬ ಭಯ ಬೇರೆ. ಅಡ್ಡ ಪರಿಣಾಮಗಳಲ್ಲಿ ಸೋಮಾರಿತನವನ್ನು ಹಾಕಿಯಾಯಿತು. ಗೊರಕೆಯನ್ನು 'ಅಪರೂಪಕ್ಕೆ ಕಂಡುಬರಬಹುದು' ಎಂಬಲ್ಲಿ ಸೇರಿಸಿದ್ದೇನೆ. ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದವರು ದಯವಿಟ್ಟು ಕಾಮೆಂಟ್ ಮಾಡಬೇಡಿ.