ಹೆಸರು ಹಾಕಿಸದ ತಟ್ಟೆ

ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮೇಲೆ ನನಗೆ ಮೈ ಉರಿಯುವಷ್ಟು ಸಿಟ್ಟು ಬಂದದ್ದು ಔರಂಗಾಬಾದಿನ ಒಂದು ಹಾಸ್ಟೆಲ್ ಕೋಣೆಯಲ್ಲಿ. ಆ ಊರಿನ್ನೂ ಸಂಭಾಜಿನಗರ ಆಗಿರಲಿಲ್ಲ. ನಾನು ಕಾನೂನು ಓದುತ್ತಿದ್ದೆ. ಪರೀಕ್ಷೆಗೆಂದು ಅಮೆರಿಕದ ದೊಡ್ಡ ದೊಡ್ಡ ತೀರ್ಪುಗಳನ್ನು ಬಾಯಿಪಾಠ ಮಾಡಬೇಕಿತ್ತು.

ಆವತ್ತಿನದು ಸಾವಿರದ ಎಂಟುನೂರ ತೊಂಬತ್ತಾರರ ತೀರ್ಪು. ಮೊದಲ ದರ್ಜೆಯ ಟಿಕೆಟ್ ತೆಗೆದುಕೊಂಡು ಬಿಳಿಯರ ಬೋಗಿಯಲ್ಲಿ ಕುಳಿತವನೊಬ್ಬನನ್ನು, ಮೈಯಲ್ಲಿ ಎಂಟನೇ ಒಂದು ಪಾಲು ಕರಿಯರ ರಕ್ತವಿದೆ ಎಂದು ಕೆಳಗಿಳಿಸಿ ಹಿಡಿದುಕೊಂಡು ಹೋಗಿದ್ದರು. ಬೋಗಿ ಬೇರೆಯಾದರೇನು, ಸೌಕರ್ಯ ಒಂದೇ ತಾನೆ, ಇದರಲ್ಲಿ ತಪ್ಪಿಲ್ಲ ಎಂದಿತು ನ್ಯಾಯಾಲಯ. ಅಷ್ಟಕ್ಕೇ ಬಿಡಲಿಲ್ಲ. ಇದರಿಂದ ತಾವು ಕೀಳು ಎಂದು ಕರಿಯರಿಗೆ ಅನ್ನಿಸಿದರೆ ಅದು ಕಾನೂನಿನ ದೋಷವಲ್ಲ, ಅವರೇ ಹಾಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂದೂ ಬರೆಯಿತು. ಏಳು ಜನ ಒಪ್ಪಿದರು, ಒಬ್ಬರು ಮಾತ್ರ ವಿರೋಧಿಸಿದರು. ಹೊಡೆಯುವುದೂ ಅವರೇ, ನೋವು ನಿನ್ನ ಭ್ರಮೆ ಎನ್ನುವುದೂ ಅವರೇ. ನಾನು ಪುಸ್ತಕವನ್ನು ಮಂಚದ ಮೇಲೆ ಎಸೆದೆ.

ನನ್ನ ಕೋಣೆಯ ಗೆಳತಿ ಎಸೆಯಲಿಲ್ಲ. "ಇದರಾಗ ಹೊಸಾದೇನದ?" ಎಂದು ಹಾಳೆ ತಿರುಗಿಸಿದಳು. ಅವಳು ದಲಿತರವಳು, ಬೀದರ್ ಕಡೆಯವಳು. ಇಡೀ ಹಾಸ್ಟೆಲಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಅದೊಂದೇ ಕಾರಣಕ್ಕೆ ಶುರುವಾದ ಸ್ನೇಹ, ವರ್ಷದೊಳಗೆ ಒಬ್ಬರ ಬಟ್ಟೆ ಒಬ್ಬರು ಹಾಕಿಕೊಳ್ಳುವಷ್ಟು ಬೆಳೆದಿತ್ತು.

ದಸರೆಯ ರಜೆಗೆ ಅವಳನ್ನು ನಮ್ಮ ಮನೆಗೆ ಕರೆದೆ. ಅಪ್ಪ ನಾಸಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಗೆಳತಿ ಬರುತ್ತಾಳೆ ಎಂದು ಫೋನ್ ಮಾಡಿದಾಗ ಅವ್ವ ಅವಳ ಊರು ಕೇಳಿದಳು, ಅಡ್ಡಹೆಸರು ಕೇಳಿದಳು. ಅವ್ವನ ತವರೂ ಅದೇ ತಾಲ್ಲೂಕು. ಖುಷಿಪಡುತ್ತಾಳೆ ಎಂದು ಎರಡನ್ನೂ ಹೇಳಿದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ. ಊರು, ಅಡ್ಡಹೆಸರು ಕೇಳಿದ ಮೇಲೆ ಅವ್ವನಿಗೆ ತಿಳಿಯಬೇಕಾದ್ದು ಇನ್ನೇನೂ ಉಳಿದಿರಲಿಲ್ಲ.

ನಾವು ಹೋದಾಗ ಗೆಳತಿಗೆಂದು ಹೊಸ ಸ್ಟೀಲ್ ತಟ್ಟೆ, ಲೋಟ ಬಂದಿದ್ದವು. ಫಳಫಳ ಹೊಳೆಯುತ್ತಿದ್ದವು, ನಮ್ಮವಕ್ಕಿಂತ ದಪ್ಪನೆಯವು. ಹೋಳಿಗೆಯ ಮೇಲೆ ಅವ್ವ ಧಾರಾಳವಾಗಿ ತುಪ್ಪ ಸುರಿದಳು. ಊಟವಾದ ಮೇಲೆ ಗೆಳತಿ ತನ್ನ ತಟ್ಟೆ ತೊಳೆದು, "ಎಲ್ಲಿ ಇಡಲಿರಿ, ಕಾಕೂ?" ಎಂದು ಕೇಳಿದಳು.

"ಒಳಗ ಬ್ಯಾಡವ್ವಾ, ಹೊರಗ ಕಿಟಕ್ಯಾಗ ಇಡು. ನಿನ್ನ ಸಲುವಾಗೇ ಹೊಸಾದು ತಂದೀನಿ" ಎಂದಳು ಅವ್ವ, ನಗುನಗುತ್ತಲೇ. ದಿನಾ ಬೆಳಿಗ್ಗೆ ಎಲ್ಲರೂ ಒಂದೇ ಎಂದು ವಚನ ಹೇಳುವ ಅವ್ವ! ಅಪ್ಪ ನೋಡಿಯೂ ನೋಡದವರ ಹಾಗೆ ಬದನೆಕಾಯಿ ಪಲ್ಯದ ಮಾತು ತೆಗೆದರು. ನಾನೂ ಬಾಯಿ ಬಿಡಲಿಲ್ಲ.

ತಿರುಗಿ ಬರುವಾಗ ಬಸ್ಸು ಯೇವಲಾ ದಾಟಿತ್ತು. ಅವಳು ಹೇಳಿದಳು: "ನಿಮ್ಮ ಮನ್ಯಾಗಿನ ಎಲ್ಲಾ ತಾಟಿಗೂ ನಿಮ್ಮಪ್ಪನ ಹೆಸರದ. ನನ್ನ ತಾಟಿಗಿಲ್ಲ."

ನಿಜ. ಪಾತ್ರೆ ಅಂಗಡಿಯಿಂದ ಒಂದು ಚಮಚ ತಂದರೂ ಅಪ್ಪನ ಹೆಸರು ಕೊರೆಸದೆ ಅವ್ವ ಮನೆಯೊಳಗೆ ತಂದವಳಲ್ಲ. ಅದು ಗೊತ್ತಿದ್ದೂ ನಾನು, "ಹೊಸಾ ತಾಟದ, ನಮ್ಮವಕ್ಕಿಂತ ಚಲೋ ಅದ. ಅವ್ವನ ಮನಸಿನ್ಯಾಗ ಅಂಥಾದ್ದೇನಿಲ್ಲ. ನೀನೇ ಹಂಗ ತಿಳ್ಕೊಂಡಿ" ಅಂದೆ.

ಅವಳು ನನ್ನನ್ನೇ ನೋಡಿದಳು. "ತೀರ್ಪು ಚಲೋ ಬಾಯಿಪಾಠ ಆಗ್ಯದ ನಿನಗ" ಎಂದು ಕಿಟಕಿಯ ಕಡೆ ತಿರುಗಿದಳು.

ಮುಖಕ್ಕೆ ಹೊಡೆಸಿಕೊಂಡ ಹಾಗಾಯಿತು. ಯಾವ ವಾಕ್ಯಕ್ಕೆ ಪುಸ್ತಕ ಎಸೆದಿದ್ದೆನೋ ಅದೇ ವಾಕ್ಯ, ಬೀದರಿನ ಕನ್ನಡದಲ್ಲಿ, ನನ್ನ ಬಾಯಿಂದ ಬಂದಿತ್ತು. ಆ ಏಳು ಜನ ನನ್ನ ಕಣ್ಣಿಗೆ ರಾಕ್ಷಸರಾಗಿದ್ದರು. ಅವರೂ ಊಟದ ಹೊತ್ತಿಗೆ ಅತಿಥಿಗಳಿಗೆ ನಗುನಗುತ್ತಲೇ ಬಡಿಸುತ್ತಿದ್ದಿರಬೇಕು. ಆ ತೀರ್ಪನ್ನು ಅದೇ ನ್ಯಾಯಾಲಯ ಶಾಲೆಗಳ ವಿಷಯದಲ್ಲಿ ತಳ್ಳಿಹಾಕಲು ಐವತ್ತೆಂಟು ವರ್ಷ ಹಿಡಿಯಿತು. ಇಷ್ಟೆಲ್ಲ ಓದಿಕೊಂಡಿದ್ದ ನನಗೆ ಒಂದು ಊಟದ ಹೊತ್ತಿನಲ್ಲಿ ಬಾಯಿ ಬಿಡಲಾಗಲಿಲ್ಲ. ಆ ವಾರವೇ ಅವಳು ಕೋಣೆ ಬದಲಿಸಿದಳು.

ದೀಪಾವಳಿಗೆ ಮನೆಗೆ ಹೋದವಳೇ ಕಿಟಕಿಯಲ್ಲಿದ್ದ ಆ ತಟ್ಟೆ ತಂದು, ಅನ್ನ ಬಡಿಸಿ, ಅವ್ವನ ಮುಂದಿಟ್ಟೆ. "ಹೊಸಾ ತಾಟ ಅಂದ್ಯಲ್ಲ, ನೀ ಉಣ್ಣು."

ಅವ್ವ ತಟ್ಟೆಯನ್ನು ಮುಟ್ಟಲಿಲ್ಲ. "ಹಬ್ಬದಾಗ ತಲಿ ತಿನ್ನಬ್ಯಾಡ" ಎಂದು ಎದ್ದುಹೋದಳು. ಆ ದಿನ ಅವಳು ಊಟವನ್ನೇ ಮಾಡಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಔರಂಗಾಬಾದಿಗೆ ಬಂದ ಕೂಡಲೇ ಗೆಳತಿಯ ಹೊಸ ಕೋಣೆಗೆ ಓಡಿದೆ. ಬಾಗಿಲಲ್ಲೇ ನಿಂತು, ಅವ್ವನ ಜೊತೆ ಹೇಗೆ ಜಗಳವಾಡಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ತಾಟ ನಿಮ್ಮವ್ವಂದು. ಬಸ್ಸಿನ್ಯಾಗಿನ ಮಾತು ನಿಂದು" ಎಂದಳು.

ಒಳಗೆ ಬಾ ಎಂದು ಕರೆಯಲಿಲ್ಲ.