ಬಾಣಂತಿ ನೀರಿನ ಒಲೆಗೆ ಸೈಲೆನ್ಸರ್

ಟೂ ಸ್ಟ್ರೋಕ್ ಗಾಡಿ ಇಟ್ಟುಕೊಂಡವನಿಗೆ ಎಲ್ಲಿ ಬೆಂಕಿ ಕಂಡರೂ ಆಸೆ. ಪೆಟ್ರೋಲಿಗೆ ಬೆರೆಸಿದ ಆಯಿಲು ಸುಟ್ಟು ಸೈಲೆನ್ಸರ್ ಒಳಗಿನ ಕೊಳವೆಗೆ ಮಸಿ ಕಟ್ಟುತ್ತೆ. ಅದನ್ನು ಆಗಾಗ ಕೆಂಡದಲ್ಲಿ ಸುಡಲೇಬೇಕು. ನಾನು ಸೋಮಾರಿತನದಿಂದ ಸುಟ್ಟಿರಲಿಲ್ಲ.

ಎಂಬತ್ತರ ದಶಕ, ನಾನು ದನದ ಡಾಕ್ಟರು. ಹೆಸರಘಟ್ಟದ ಕಡೆ ಹಸುವೊಂದು ಕರು ಹಾಕಲಾರದೆ ಒದ್ದಾಡುತ್ತಿದೆ ಅಂತ ಬೆಳಿಗ್ಗೆಯೇ ಹೇಳಿಕಳಿಸಿದ್ದರು. ಅಬ್ಬಿಗೆರೆ ಹತ್ತಿರ ಗಾಡಿ ಉಸಿರುಕಟ್ಟಿ ನಿಂತಿತು. ಕೊಳವೆ ತೆಗೆದು ಓಡಿಸಬಹುದಿತ್ತು, ಆದರೆ ಆ ಅಬ್ಬರಕ್ಕೆ ನೋವು ತಿನ್ನುವ ಹಸು ಬೆದರುತ್ತೆ. ಸುಟ್ಟೇ ಹೋಗೋದು ಅಂತ ನಿರ್ಧಾರ ಮಾಡಿದೆ.

ರಸ್ತೆ ಪಕ್ಕದ ಮನೆಯೊಂದರ ಹಿತ್ತಲಲ್ಲಿ ಅಜ್ಜಿಯೊಬ್ಬರು ಹಂಡೆ ಒಲೆ ಉರಿಸುತ್ತಿದ್ದರು. ಕೊಳವೆ ತೋರಿಸಿ ಕೇಳಿದೆ.

“ಬಾಣಂತಿಗೆ ನೀರು ಕಾಯಿಸ್ತಾ ಇವ್ನಿ. ಈ ಒಲೆಗೆ ಆ ಒಲ್ಸು ಆಕೋದಾ? ಓಗಪ್ಪಾ!”

ನಾನು ಕದಲಲಿಲ್ಲ. “ಅಜ್ಜಿ, ಅಲ್ಲೂ ಒಬ್ಳು ಹೆರೋಕಾಗ್ದೆ ನರಳ್ತಿದಾಳೆ. ನಾನು ಹೋಗ್ಲೇಬೇಕು,” ಅಂದೆ. ಹಸು ಅನ್ನಲಿಲ್ಲ.

“ಅಯ್ಯೋ, ಮೊದ್ಲೇ ಏಳ್ಬಾರ್ದಾ!” ಅಂದವರೇ ಉರಿಯುವ ಕೊಳ್ಳಿಗಳನ್ನು ಒಲೆಯಿಂದ ಆಚೆ ಎಳೆದು ಹಾಕಿದರು. ಕೊಳವೆ ಕೆಂಪಗೆ ಕಾದ ಮೇಲೆ ಇಕ್ಕಳದಲ್ಲಿ ಹಿಡಿದು ಕಲ್ಲಿಗೆ ಬಡಿದೆ. ಬೊಗಸೆ ಮಸಿ ಉದುರಿತು. ಆರಿಸಿ ಜೋಡಿಸಿದರೆ ಒಂದೇ ಕಿಕ್ಕಿಗೆ ಗಾಡಿ ಎದ್ದಿತು.

“ಗಂಡೋ ಎಣ್ಣೋ, ಬರ್ತಾ ಏಳೋಗು,” ಅಂತ ಅಜ್ಜಿ ಕೂಗಿದರು.

ವಾಪಸು ಬರುತ್ತಾ ನಿಲ್ಲಿಸಿದೆ. “ಹೆಣ್ಣು ಅಜ್ಜಿ, ಇಬ್ರೂ ಚೆನ್ನಾಗಿದಾರೆ,” ಅಂದು ಹಸುವಿನ ಮನೆಯವರು ಕೊಟ್ಟಿದ್ದ ಗಿಣ್ಣುಹಾಲಿನ ತಂಬಿಗೆ ಮುಂದೆ ಹಿಡಿದೆ.

ಅಜ್ಜಿ ತಂಬಿಗೆ ನೋಡಿದರು, ನನ್ನ ಮುಖ ನೋಡಿದರು. “ಆ ಕೊಳವೆ ಜೊತೆ ನಿನ್ ನಾಲ್ಗೇನೂ ಬೆಂಕಿಗಾಕ್ಬೇಕಿತ್ತು ಕಣಪ್ಪಾ!”

ತಂಬಿಗೆ ಮಾತ್ರ ಒಳಗೆ ಹೋಯಿತು.