ಸೇತುವೆ ಮಾಡಿದ ಸುವಾರ್ತಮ್ಮ

ಏನು ಕೆಟ್ಟಿದೆಯೆಂದು ನಾವು ಹೇಳತೊಡಗಿದರೆ ಸುವಾರ್ತಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಿದ್ದೆ ಹೋದರೇನೋ ಅನ್ನಿಸುವಷ್ಟು ಹೊತ್ತು. ಭಾಲ್ಕಿಯ ಟೆಲಿಫೋನ್ ಕಚೇರಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಪ್ರಾಯವನ್ನೆಲ್ಲ ಕಳೆದವರು ಅವರು. ನೋಡುವುದಕ್ಕಿಂತ ಕೇಳುವುದರ ಮೇಲೆ ಭರವಸೆ ಹೆಚ್ಚು. ನಿವೃತ್ತರಾದ ಮೇಲೆ ಫೈಬರ್ ಕೆಲಸವನ್ನು ಅಕ್ಷರ ಕಲಿತಂತೆ ಮೊದಲಿನಿಂದ ಕಲಿತರು. ಬಿಳಿ ಸೀರೆ, ಹೆಗಲಿಗೊಂದು ಬಟ್ಟೆಯ ಚೀಲ. ದಾರಿಯಲ್ಲಿ ಕಂಡರೆ ಯಾರಾದರೂ ಪ್ರಾರ್ಥನೆಗೆ ಹೊರಟ ಅಜ್ಜಿ ಅಂದುಕೊಳ್ಳಬೇಕು.

ನಾನು ಔರಾದಿನ ಚಿಕ್ಕದೊಂದು ದವಾಖಾನೆಯಲ್ಲಿ ನರ್ಸ್. ಎದೆನೋವಿನ ರೋಗಿ ಬಂದರೆ ನಮ್ಮ ಡಾಕ್ಟರು ಬೀದರಿನ ಹೃದಯತಜ್ಞರ ಸಲಹೆ ಕೇಳುತ್ತಿದ್ದರು. ಇಸಿಜಿಯ ಫೋಟೋ ಕಳಿಸಿದರೆ ಆ ತಜ್ಞರು ಒಪ್ಪುತ್ತಿರಲಿಲ್ಲ. ಮಾನಿಟರಿನ ಮೇಲೆ ಓಡುವ ಎದೆಬಡಿತದ ಗೆರೆಯನ್ನೇ ಬೀದರಿನಲ್ಲಿ ಕೂತು ನೋಡಬೇಕು ಅನ್ನುತ್ತಿದ್ದರು. ಅದಕ್ಕೆಂದೇ ನಾವು ಒಳ್ಳೆಯ ರೌಟರ್ ತಂದು ಕಂಪನಿಯ ಫೈಬರ್ ಮೋಡೆಮ್‌ಗೆ ಜೋಡಿಸಿದ್ದೆವು. ನಮಗೆ ಇಂಟರ್‌ನೆಟ್ ಬರುತ್ತಿತ್ತು, ಆದರೆ ಬೀದರಿನಿಂದ ನಮ್ಮ ಮಾನಿಟರನ್ನು ತಲುಪಲು ಆಗುತ್ತಿರಲಿಲ್ಲ. ಯಾರೋ ಸುವಾರ್ತಮ್ಮನ ಹೆಸರು ಹೇಳಿದರು.

ಬಸ್ಸಿಳಿದು ಬಂದವರು ಕಣ್ಣು ಮುಚ್ಚಿ ನನ್ನ ಮಾತನ್ನೆಲ್ಲ ಕೇಳಿ, ಕಣ್ಣು ತೆರೆದು ನಕ್ಕರು. "ಒಂದು ಮನಿಗಿ ಇಬ್ಬರು ಯಜಮಾನ್ರು ಆಗ್ಯಾರ್ರಿ ಸಿಸ್ಟರ್. ಹೊರಗಿನವರು ಬಂದ್ರ ಮೊದಲನೇಯವ ಬಾಗಿಲ ತೆಗೀತಾನ. ಒಳಗ ಇನ್ನೊಬ್ಬ ಇದ್ದಾನಂತ ಅವಗ ಖಬರೇ ಇಲ್ಲ. ಮೋಡೆಮ್‌ನ ಬ್ರಿಜ್ ಮಾಡಬೇಕ್ರಿ. ಸೇತುವಿ ಯಾರಿಗೂ ಎಲ್ಲಿಗಿ ಹೊಂಟೀರಿ ಅಂತ ಕೇಳಂಗಿಲ್ಲ, ದಾಟಸ್ತದ ಅಷ್ಟೇ. ಯಜಮಾನಕಿ ನಿಮ್ಮ ರೌಟರ್ ಒಂದೇ ಮಾಡ್ಲಿ."

ಆದರೆ ತಕ್ಷಣ ಏನನ್ನೂ ಮುಟ್ಟಲಿಲ್ಲ. ಕಂಪನಿಗೆ ಫೋನು ಹಚ್ಚಿ ನಮ್ಮ ಲೈನಿನ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಎಂಬ ಸಂಖ್ಯೆ ಕೇಳಿದರು. ಅತ್ತಲಿಂದ ಸಂಗೀತ ಬಾರಿಸಿ ಕಾಯಿಸಿದರು. ಇವರು ಬೇಸರವಿಲ್ಲದೆ ಕಾದರು. "ಬದಲಾಯಿಸೂದು ಎರಡು ಮಿನಿಟ್ರಿ. ಅದರ ಮೊದಲ ಎಲ್ಲಾ ಬರಕೊಳ್ಳೂದು ಒಂದು ತಾಸು. ಆ ತಾಸು ಬಿಟ್ಟವರೇ ಆಮ್ಯಾಲ ಅಳ್ತಾರ."

ಎಲ್ಲ ಸಿಕ್ಕ ಮೇಲೆ ಕುರ್ಚಿಯ ಮೇಲೆ ನನ್ನನ್ನೇ ಕೂರಿಸಿದರು. ಮೋಡೆಮ್‌ನ ಪುಟ ತೆರೆದು ಬ್ರಿಜ್ ಆರಿಸಿದೆ. ರೌಟರಿನಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ತುಂಬಿದೆ. ಬೀದರಿನ ಡಾಕ್ಟರು ಫೋನಿನಲ್ಲಿ "ಗೆರಿ ಕಾಣ್ಲತ್ತದ" ಅಂದಾಗ ನಾನು ಚಪ್ಪಾಳೆ ತಟ್ಟಿದೆ. ಸುವಾರ್ತಮ್ಮ, "ಈಗ ಎಲ್ಲಾ ಅಳಿಸ್ರಿ, ಮತ್ತೊಮ್ಮಿ ಮಾಡ್ರಿ" ಅಂದರು. ಯಾಕೆಂದು ಕೇಳಿದೆ. "ನಾ ಮಾಡಿ ಹೋದ್ರ ನಿಮಗ ಯಾವತ್ತೂ ನಾನೇ ಬೇಕಾಗ್ತೇನಿ. ಅದು ಛಲೋ ಅಲ್ರಿ."

ಒಂದು ಮಳೆಗಾಲದಲ್ಲಿ ಸಿಡಿಲು ಬಡಿದು ಮೋಡೆಮ್ ಸುಟ್ಟಿತು. ಕಂಪನಿಯವರು ಹೊಸದನ್ನು ಕೂರಿಸಿ ಹೋದ ಒಂದು ಗಂಟೆಯೊಳಗೆ ಎಕಂಬಾದ ರೈತರೊಬ್ಬರನ್ನು ಎದೆ ಹಿಡಿದುಕೊಂಡ ಸ್ಥಿತಿಯಲ್ಲಿ ಅವರ ಮನೆಯವರು ಕರೆತಂದರು. ಬೀದರಿಗೆ ಗೆರೆ ಕಾಣಿಸಲಿಲ್ಲ. ಕಲಿತದ್ದೆಲ್ಲ ನನ್ನ ತಲೆಯಿಂದ ಹಾರಿಹೋಯಿತು. ಸುವಾರ್ತಮ್ಮನಿಗೆ ಫೋನು ಮಾಡಿದೆ.

"ಹೊಸ ಡಬ್ಬಿ ಯಜಮಾನ ಆಗಿ ಕುಂತದ್ರಿ, ಅಷ್ಟೇ. ಅಂಜಬ್ಯಾಡ್ರಿ. ಕಂಪ್ಯೂಟರಿನ ವೈರ್ ಸೀದಾ ಮೋಡೆಮ್‌ಗೆ ಹಚ್ಚರಿ. ಪುಟ ತೆರೀತೇನ್ರಿ? ಎಡಕ್ಕ ಡಬ್ಲ್ಯೂ-ಎ-ಎನ್, ವ್ಯಾನ್ ಅಂತ ಅದ, ಒತ್ರಿ."

ಅವರ ದನಿಯ ಹಿಂದೆ ಯಾವುದೋ ಯಂತ್ರ ಆಗಾಗ ಬೀಪ್ ಅನ್ನುತ್ತಿತ್ತು. ನರ್ಸ್ ಆಗಿಯೂ ನನಗೆ ಅದರ ಗುರುತು ಹತ್ತಲಿಲ್ಲ. ನಾನು ಬ್ರಿಜ್ ಆರಿಸಿ, ಬರೆದಿಟ್ಟ ಸಂಖ್ಯೆ ತುಂಬಿ, ಉಳಿಸಿ, ವೈರನ್ನು ಮತ್ತೆ ರೌಟರಿಗೆ ಸಿಕ್ಕಿಸಿದೆ. ದೀಪ ಕೆಂಪಗೇ ಇತ್ತು.

"ಕೆಂಪು ಅದರೀ!"

"ಕಂಪನಿ ಕಡೆ ಹಳೇ ಕನೆಕ್ಷನ್ ಬಿಡಬೇಕಲ್ರಿ. ನೂರು ಎಣಿಸ್ರಿ. ನಾ ಭೀ ಎಣಿಸ್ತೇನಿ."

ಇಬ್ಬರೂ ಎಣಿಸಿದೆವು. ಎಪ್ಪತ್ತರ ಹತ್ತಿರ ದೀಪ ಹಸಿರಾಯಿತು. ಬೀದರಿನ ಡಾಕ್ಟರು ಗೆರೆ ನೋಡುತ್ತಿದ್ದಂತೆಯೇ ಅದು ಹದ ತಪ್ಪಿ ಕುಣಿಯಿತು. ಅವರು ಫೋನಿನಲ್ಲಿ ಕೂಗಿ ಹೇಳಿದ ಇಂಜೆಕ್ಷನ್ ಅನ್ನು ನಮ್ಮ ಡಾಕ್ಟರು ಕೊಟ್ಟರು. ಗೆರೆ ಮತ್ತೆ ದಾರಿಗೆ ಬಂತು. ರೈತ ಆಂಬುಲೆನ್ಸಿನಲ್ಲಿ ಬೀದರಿಗೆ ಹೋಗಿ ಬದುಕಿದರು.

ಆ ಸುದ್ದಿ ಹೇಳಲು ಮರುದಿನ ಫೋನು ಮಾಡಿದರೆ ಎತ್ತಿದ್ದು ಅವರ ಮಗಳು. ನಿನ್ನೆ ನಾನು ಕರೆದಾಗ ಸುವಾರ್ತಮ್ಮ ಬೀದರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮೇಲೆ ಇದ್ದರಂತೆ. ಒಂದು ಕೈಗೆ ಸೂಜಿ, ಇನ್ನೊಂದರಲ್ಲಿ ಫೋನು. ಎರಡು ವರ್ಷದಿಂದ ವಾರಕ್ಕೆರಡು ಸಲ ಅದೇ ಮಂಚವಂತೆ. ನಮ್ಮಲ್ಲಿಗೆ ಬಸ್ಸಿನಲ್ಲಿ ಬಂದದ್ದು ಕೂಡ ಅಂಥ ಒಂದು ದಿನದ ಮರುದಿನವೇ.

ನೋಡಲು ಹೋದಾಗ ಸುವಾರ್ತಮ್ಮ ಕೃಶರಾಗಿದ್ದರು. ನನ್ನ ಕಾಳಜಿಯ ಮಾತುಗಳನ್ನು ಅರ್ಧಕ್ಕೇ ತಡೆದು ಹೇಳಿದರು: "ಬಗದಲ್ ಸಾಲಿ ಹೆಡ್‌ಮೇಷ್ಟ್ರು ಕರೀಲತ್ತಾರ್ರಿ. ಅವರಲ್ಲಿ ಭೀ ಎರಡು ಡಬ್ಬಿ ಜಗಳ ಅದ. ನನ್ನ ಕಾಲು ನಡೀವಲ್ಲವು. ರವಿವಾರ ನಿಮಗ ಸುಟ್ಟಿ ಅದಲ್ರಿ, ಹೋಗಿ ಬರ್ರಿ."

"ನಾ ನರ್ಸ್ ಅಲ್ರೀ ಅಮ್ಮಾ?"

"ನಾ ಭೀ ಟೆಲಿಫೋನ್‌ನಾಕಿ ಇದ್ದೆ."

ರವಿವಾರ ಬಗದಲ್‌ಗೆ ಹೋದೆ. ಮೊದಲು ಒಂದು ತಾಸು ಎಲ್ಲ ಬರೆದುಕೊಂಡೆ. ಹೆಡ್‌ಮೇಷ್ಟ್ರನ್ನೇ ಕುರ್ಚಿಯಲ್ಲಿ ಕೂರಿಸಿ ಎರಡು ಸಲ ಮಾಡಿಸಿದೆ. ಎಲ್ಲ ಸರಿಹೋದ ಮೇಲೆ ಶಾಲೆಯ ಕಟ್ಟೆಯ ಮೇಲೆ ನಿಂತು ಸುವಾರ್ತಮ್ಮನಿಗೆ ಫೋನು ಹಚ್ಚಿದೆ. ಮಗಳು ಎತ್ತಿದಳು.

"ಅವ್ವ ಮುಂಜಾನಿ ಹೋದಳ್ರಿ ಸಿಸ್ಟರ್." ಮತ್ತೆ ಅವಳೇ ಕೇಳಿದಳು: "ಬಗದಲ್‌ದ್ದು ಆತೇನ್ರಿ? ಕೇಳು ಅಂತ ಹೇಳಿದ್ದಳು."

"ಆತ್ರಿ," ಎಂದೆ.